ಅಕ್ಕನ ಮುಖಕ್ಕೆ ಬಲೆ ಬೀಸಿದ ಹಾಫ್‌ಟೋನ್ ಮಹಾಶಯರಿಗೆ

ಚಿತ್ರ ತಿದ್ದುವ ತಂತ್ರಾಂಶದ ಮೆನುವಿನೊಳಗಿನ ಮೆನುವಿನೊಳಗೆ, ಯಾರ ಕಣ್ಣಿಗೂ ಸುಲಭಕ್ಕೆ ಬೀಳದಂತೆ ಬಿಡಾರ ಹೂಡಿ, ಸಿಕ್ಕ ಚಿತ್ರವನ್ನೆಲ್ಲ ಚುಕ್ಕಿಚುಕ್ಕಿಯಾಗಿ ಒಡೆಯುವ ಶ್ರೀಮಾನ್ ಹಾಫ್‌ಟೋನ್ ಫಿಲ್ಟರ್ ಅವರ ಸನ್ನಿಧಾನಕ್ಕೆ, ಬಟ್ಟೆಚೀಲಗಳ ಮೇಲೆ ಚಿತ್ರ ಅಚ್ಚುಹಾಕಿ ಹೊಟ್ಟೆ ಹೊರೆಯುವ ಸ್ಕ್ರೀನ್ ಪ್ರಿಂಟರನೊಬ್ಬನ ದೀರ್ಘದಂಡ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ಕೈಗೆ ಸಿಕ್ಕವರಿಗೆಲ್ಲ ಮೈತುಂಬ ಗುಳ್ಳೆ ಏಳುತ್ತದೆಯೇ ಹೊರತು ತಮಗೆ ಒಂದೂ ಏಳುವುದಿಲ್ಲ ಎಂಬುದನ್ನು ನಾನು ಬಲ್ಲೆ.

ಉಂಡ ಮನೆಗೆ ಎರಡು ಬಗೆಯುವವನು ನಾನಲ್ಲವಾದ್ದರಿಂದ, ತಮ್ಮ ಉಪಕಾರವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಕಸುಬಿನಲ್ಲಿ ಬೂದುಬಣ್ಣ ಎಂಬುದಿಲ್ಲ; ಚೌಕಟ್ಟಿಗೆ ಬಿಗಿದ ಜಾಲರಿಯಿಂದ ಶಾಯಿ ಇಳಿದರೆ ಕಪ್ಪು, ಇಳಿಯದಿದ್ದರೆ ಬರೀ ಬಟ್ಟೆ. ಕೆನ್ನೆಯ ನೆರಳನ್ನೋ ಗಲ್ಲದ ಗುಳಿಯನ್ನೋ ತೋರಿಸಬೇಕೆಂದರೆ ನೆರಳಿದ್ದಲ್ಲಿ ದಪ್ಪ ಚುಕ್ಕಿ, ಬೆಳಕಿದ್ದಲ್ಲಿ ಸಣ್ಣ ಚುಕ್ಕಿ ಇಟ್ಟು ನೋಡುವವರ ಕಣ್ಣಿಗೆ ಮೋಸ ಮಾಡಬೇಕು, ಮತ್ತು ಆ ಮೋಸದಲ್ಲಿ ತಮ್ಮನ್ನು ಮೀರಿಸಿದವರು ಇನ್ನೂ ಹುಟ್ಟಿಲ್ಲ.

ಈಗ ನನ್ನ ಅಹವಾಲು. ನನ್ನ ಜೊತೆಯಲ್ಲೇ ಇರುವ ಅಕ್ಕ ಕಳೆದ ವಾರ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತಳಾದಳು. ಅವಳು ಕೆಲಸಕ್ಕೆ ಸೇರಿದ ದಿನ, ಊರಿನ ಮೊದಲ ಹೆಣ್ಣು ಕಂಡಕ್ಟರ್ ಎಂದು ಪತ್ರಿಕೆಯಲ್ಲಿ ಫೋಟೋ ಬಂದಿತ್ತು: ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಸೀಟಿ. ಮನೆ ಸೋರಿ ಆಲ್ಬಮ್ಮುಗಳೆಲ್ಲ ಅಂಟಿಕೊಂಡು ಹಾಳಾದ ಮೇಲೆ, ಆ ವಯಸ್ಸಿನ ಅವಳದೆಂದು ಉಳಿದದ್ದು ಆ ಬೆರಳಗಲದ ಪತ್ರಿಕೆಯ ತುಂಡೊಂದೇ. ಆ ಕೆಲಸದಿಂದಲೇ ಅವಳು ನನ್ನನ್ನು ಓದಿಸಿದಳು, ದಡ ಸೇರಿಸಿದಳು. ಬೀಳ್ಕೊಡುಗೆಗೆ ಡಿಪೋದವರು ಆ ಫೋಟೋ ಇರುವ ನೂರೈವತ್ತು ಚೀಲ ನನ್ನಿಂದಲೇ ಮಾಡಿಸುತ್ತಾರೆಂದು ಗೊತ್ತಾದಾಗ ಅವಳು ನನ್ನನ್ನು ಕೇಳಿದ್ದು ಇಷ್ಟೇ: "ಆಗ ನನ್ನ ಮುಖ ಹೇಗಿತ್ತು ಅಂತಲೇ ಮರೆತುಹೋಗಿದೆ ಕಣೋ. ಒಂದ್ಸಲ ದೊಡ್ಡದಾಗಿ ನೋಡಬೇಕು."

ಆ ತುಂಡನ್ನು ಸ್ಕ್ಯಾನ್ ಮಾಡಿ ತಮ್ಮ ಪಾದಕ್ಕೆ ಒಪ್ಪಿಸಿದೆ. ಪತ್ರಿಕೆಯವರೂ ಹಾಫ್‌ಟೋನ್ ವಂಶದವರನ್ನೇ ಕರೆಸಿ ಅದಕ್ಕೆ ಮೊದಲೇ ಚುಕ್ಕಿ ಇಡಿಸಿದ್ದರೆಂಬುದು, ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಈ ಮಹಾಪಂಡಿತನ ತಲೆಗೆ ಹೊಳೆಯಲಿಲ್ಲ. ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವಂತೆ. ಹಳೆಯ ಚುಕ್ಕಿಗೂ ತಮ್ಮ ಹೊಸ ಚುಕ್ಕಿಗೂ ಜಗಳ ಹತ್ತಿ, ಅಕ್ಕನ ಹಣೆಯಿಂದ ಗಲ್ಲದವರೆಗೆ ಗೆರೆಗೆರೆಯ ಬಲೆ ಎದ್ದಿತು. ನನ್ನ ಹೆಂಡತಿ ಬಗ್ಗಿ ನೋಡಿ, ಅತ್ತಿಗೆಯನ್ನು ಯಾವ ತಪ್ಪಿಗೆ ಕಂಬಿಯ ಹಿಂದೆ ಕೂರಿಸಿದ್ದೀರಿ ಎಂದು ವಿಚಾರಿಸಿದಳು. ತಮ್ಮ ಕೋನವನ್ನು ತಿರುಗಿಸಿದೆ, ಕಂಬಿ ಹೋಗಿ ಅಲೆ ಬಂತು. ಚುಕ್ಕಿ ಬಿಟ್ಟು ಗೆರೆ ಆರಿಸಿದೆ, ಅಕ್ಕ ಚಾಪೆಯಾದಳು. ಇಷ್ಟು ಉದಾರವಾಗಿ ವೇಷ ಕೊಡುವವರು ನಾಟಕದ ಕಂಪನಿಯಲ್ಲೂ ಸಿಗಲಾರರು.

ಕೊನೆಗೆ ತಮ್ಮ ಸಹಾಯದ ಪುಟವನ್ನು ಮೊರೆಹೊಕ್ಕಾಗ, ಮೊದಲು ಚಿತ್ರವನ್ನು ಮಸುಕು ಮಾಡಿ ಹಳೆಯ ಚುಕ್ಕಿಗಳನ್ನು ಕರಗಿಸತಕ್ಕದ್ದು ಎಂಬ ಅಪ್ಪಣೆಯಾಯಿತು. ಮುಖ ಕಾಣಬೇಕಾದರೆ ಮೊದಲು ಮುಖವನ್ನು ಅಳಿಸು ಎನ್ನುವ ಈ ವೇದಾಂತಕ್ಕೆ ತಲೆಬಾಗಿ ಹಾಗೆಯೇ ಮಾಡಿದೆ. ಸಣ್ಣ ಚುಕ್ಕಿ ನಮ್ಮ ಒರಟು ಜಾಲರಿಯಲ್ಲಿ ಕಟ್ಟಿಕೊಳ್ಳುತ್ತದೆಂದು ದಪ್ಪ ಚುಕ್ಕಿಯನ್ನೇ ಕೇಳಿದೆ. ಕಂಪ್ಯೂಟರ್ ಪರದೆಯ ಮೇಲೆ ಹೆಬ್ಬೆರಳಿನಷ್ಟು ಚಿಕ್ಕದಾಗಿ ಕಂಡ ಅಕ್ಕ ಎಷ್ಟು ಚೆನ್ನಾಗಿದ್ದಳೆಂದರೆ, ಹಿಂದೆಮುಂದೆ ನೋಡದೆ ನೂರೈವತ್ತಕ್ಕೂ ಶಾಯಿ ಎಳೆದುಬಿಟ್ಟೆ. ಒಣಗಿದ ಮೇಲೆ ಒಂದನ್ನು ಕೈಗೆತ್ತಿಕೊಂಡರೆ, ಮುಖವಿರಲಿ ಮೂಗೂ ಇಲ್ಲ; ಯಾರೋ ಕರಿಮೆಣಸು ಚೆಲ್ಲಿದ ಹಾಗಿತ್ತು. ಇನ್ನು ಮುಂದೆ ನಮ್ಮಕ್ಕನ ತುಟಿಯ ಕೆಳಗಿನ ಮಚ್ಚೆಗೂ ತಮ್ಮ ಚುಕ್ಕಿಗೂ ಇರುವ ವ್ಯತ್ಯಾಸವನ್ನು ತಾವು ಖುದ್ದಾಗಿ ಮನೆಗೆ ಬಂದು ನೋಡಿಕೊಂಡು ಹೋಗಬೇಕೆಂದೂ, ಹಿರಿಯರ ಮುಖ ಮುಟ್ಟುವ ಮುನ್ನ ತಮಗೆ ತಾವೇ ಒಂದು ಕ್ಷಣ ನಾಚಿಕೊಳ್ಳುವ ಬಟನ್ ಅಳವಡಿಸಿಕೊಳ್ಳಬೇಕೆಂದೂ ವಿನಂತಿಸುತ್ತೇನೆ.

ಡಿಪೋದ ಅಂಗಳದಲ್ಲಿ ಅಕ್ಕ ಕನ್ನಡಕ ಹಾಕಿಕೊಂಡು ಚೀಲವನ್ನು ಹಿಡಿದು ನೋಡಿದಳು, ತಿರುವಿ ನೋಡಿದಳು, ಆಮೇಲೆ ಚೆನ್ನಾಗಿದೆ ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕೇಳಿದ ಒಂದೇ ಒಂದನ್ನು ಕೊಡಲಾಗಲಿಲ್ಲವಲ್ಲ ಎಂದು ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಒಬ್ಬ ಡ್ರೈವರ್ ತನ್ನ ಪಾಲಿನ ಚೀಲವನ್ನು ಒಯ್ದು ಅಂಗಳದ ಆ ತುದಿಯಲ್ಲಿದ್ದ ಬಸ್ಸಿನ ಕನ್ನಡಿಗೆ ನೇತುಹಾಕಿದ. ಅಕ್ಕ ಯಾರದೋ ಮಾತಿಗೆ ತಲೆಯಾಡಿಸುತ್ತಿದ್ದವಳು ಅತ್ತ ನೋಡಿದಳು, ನೋಡುತ್ತಲೇ ಉಳಿದಳು. ಏನೆಂದು ತಿಳಿಯದೆ ಜನ ಚೀಲದ ಮುಂದೆ ಮುತ್ತಿಕೊಂಡರು. ಆಗ ನಮ್ಮಕ್ಕ, ಮೂವತ್ತೊಂದು ವರ್ಷ ತುಂಬಿದ ಬಸ್ಸಿನಲ್ಲಿ ಪಳಗಿದ ದನಿಯಲ್ಲಿ ಹೇಳಿದಳು: "ಹಿಂದೆ ಹೋಗಿ, ಹಿಂದೆ ಹೋಗಿ. ಹಿಂದೆ ಜಾಗ ಇದೆ."

ಚಾಲಕರು, ಮೆಕ್ಯಾನಿಕ್ಕುಗಳು, ಡಿಪೋ ಮ್ಯಾನೇಜರೂ ಸೇರಿ ಎಲ್ಲರೂ ಹಿಂದೆ ಸರಿದರು. ಇಪ್ಪತ್ತು ಹೆಜ್ಜೆ ಸರಿಯುವಷ್ಟರಲ್ಲಿ ಕರಿಮೆಣಸೆಲ್ಲ ಕೂಡಿಕೊಂಡು, ಇಪ್ಪತ್ತೇಳರ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ಸೀಟಿ ಹಿಡಿದು, ಯಾರಿಗೂ ಹೆದರದೆ ನಿಂತಿದ್ದಳು. ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು. ನಾನು ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ಇಷ್ಟಾದರೂ ದೂರನ್ನು ಹಿಂದಕ್ಕೆ ಪಡೆಯುತ್ತಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ.

ಉಗುರಸಂದಿಯ ಶಾಯಿಯನ್ನು ಇನ್ನೂ ಕೆರೆಯುತ್ತಿರುವ,
ತಮ್ಮ ವಿಶ್ವಾಸಿ,
ಚೀಲದ ಪ್ರಿಂಟರ್

ತಾ.ಕ.: ಅಕ್ಕ ಆ ಚೀಲವನ್ನು ನಮ್ಮ ಮನೆಯ ನಡುಕೋಣೆಯಲ್ಲಿ ತೂಗುಹಾಕಿದ್ದಾಳೆ. ಕೋಣೆ ಇರುವುದೇ ಎಂಟು ಹೆಜ್ಜೆಯಾದ್ದರಿಂದ, ಮುಖ ಕಾಣಬೇಕೆಂದರೆ ಬಾಗಿಲು ದಾಟಿ ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲಬೇಕು. ಬಂದ ನೆಂಟರನ್ನೆಲ್ಲ ಅವಳು ಕಾಫಿಗೂ ಮೊದಲು ಅಲ್ಲಿಗೆ ಕಳಿಸುತ್ತಾಳೆ, ಮತ್ತು ಎಷ್ಟೋ ಜನ ಅಲ್ಲಿಂದ ಹಾಗೆಯೇ ತಂತಮ್ಮ ಮನೆಗೆ ಹೋಗುತ್ತಿದ್ದಾರೆ. ಇಂಥದೊಂದು ಸೌಲಭ್ಯ ತಮ್ಮಲ್ಲಿರುವುದನ್ನು ಇಷ್ಟು ವರ್ಷ ಮುಚ್ಚಿಟ್ಟದ್ದೇಕೆ ಎಂದು ನನ್ನ ಹೆಂಡತಿ ಕೇಳುತ್ತಿದ್ದಾಳೆ.