ಮಾವನ ತಲೆಗೂ ಗೋಡೆಗೂ ನಡುವೆ

ನಮ್ಮ ಸೋದರಮಾವ ತಮ್ಮ ಬೆನ್ನನ್ನು ವಿದೇಶದ ವೈದ್ಯಪತ್ರಿಕೆಗೆ ಕಳಿಸಿದವರು! ದೇಹದ ಉಳಿದ ಭಾಗ ಮುಳಬಾಗಿಲಲ್ಲೇ ಇದೆ.

ಅವರಿಗೆ ಸ್ಪಾಂಡಿಲೋಆರ್ಥ್ರೈಟಿಸ್. ಬೆನ್ನುಮೂಳೆಯ ಕೀಲುಗಳ ಉರಿಯೂತ. ಓಡಾಡಿದರೆ ಹಗುರ, ಸುಮ್ಮನೆ ಕೂತರೆ ಬಿಗಿತ. ಹಾಗಾಗಿ ‘ರೆಸ್ಟ್ ತಗೊಳ್ಳಿ’ ಅಂದವರೆಲ್ಲ ಅವರ ಶತ್ರುಗಳು. ಡೇರಿಯಲ್ಲಿ ಹಾಲು ಪರೀಕ್ಷಿಸುವ ಕೆಲಸಕ್ಕೆ ದಿನವೂ ಬಸ್ಸಿನಲ್ಲಿ ನಿಂತೇ ಹೋಗುತ್ತಾರೆ.

“ಅರ್ಧ ಬಸ್ಸು ಖಾಲಿ ಇದೆ, ಕೂತ್ಕೊಳ್ಳಿ ಸಾರ್!” ಅನ್ನುತ್ತಾನೆ ಕಂಡಕ್ಟರು.

“ನೀನು ಕೂತ್ಕೊಳಪ್ಪಾ.”

ಒಂದು ದಿನ ಕಂಡಕ್ಟರು ನಿಜಕ್ಕೂ ಕೂತುಬಿಟ್ಟ. ಹತ್ತಿದವರೆಲ್ಲ ಮಾವನ ಹತ್ತಿರ ಟಿಕೆಟ್ ಕೇಳಿದರು! ಈ ಟಿಕೆಟ್ ಕೇಳಿದ್ದು ಬಹುಶಃ ನಾನೇ ಸೇರಿಸಿದ್ದು. ನನ್ನ ನೆನಪನ್ನು ಪೂರ್ತಿ ನಂಬಬೇಡಿ.

ಕೋಲಾರದ ಡಾಕ್ಟರಮ್ಮ ಇಂಥ ರೋಗಿಗಳ ಬಗ್ಗೆ ಲೇಖನ ಬರೆಯುತ್ತಿದ್ದರು. ಪ್ರತಿ ಭಾನುವಾರ ಮಾವ ಗೋಡೆಗೆ ಬೆನ್ನು, ಹಿಮ್ಮಡಿ ಒತ್ತಿ ನಿಲ್ಲಬೇಕು. ತಲೆಯ ಹಿಂಭಾಗ ಗೋಡೆಯಿಂದ ಎಷ್ಟು ದೂರವಿದೆ ಎಂದು ಅಳೆದು ಬರೆಯಬೇಕು. ಬೆನ್ನು ಬಾಗಿದಷ್ಟೂ ದೂರ ಹೆಚ್ಚು. ಅಳೆಯುವವಳು ಪಕ್ಕದ ಮನೆಯ ನಾನು.

“ಎಷ್ಟು ಪಾಪಾ?” ಮೂವತ್ತೆಂಟರ ನಾನು ಅವರಿಗೆ ಇನ್ನೂ ಪಾಪ.

ಸ್ಕೇಲು ಆರು ಸೆಂಟಿಮೀಟರ್ ತೋರಿಸುತ್ತಿತ್ತು. ಆ ದನಿಯಲ್ಲಿದ್ದ ಆಸೆ ಕೇಳಿ “ಐದು ಮಾವ” ಅಂದುಬಿಟ್ಟೆ. ಮುಂದೆ ಏಳಾಯಿತು. ಆಗಲೂ ಐದೇ!

ಲೇಖನ ಪತ್ರಿಕೆಗೆ ಹೋಗಿ, ಪರಿಶೀಲಕರ ಪ್ರಶ್ನೆ ಹೊತ್ತು ವಾಪಸ್ ಬಂತು: ಮನೆಯಲ್ಲಿ ಅಳೆದವರು ಯಾರು? ಅವರನ್ನು ನಂಬಬಹುದೇ?

ಮಾವ ಕೆಂಡವಾದರು. “ನಮ್ಮ ಪಾಪನ ಮೇಲೆ ಅನುಮಾನವಾ? ಇದನ್ನ ಕೇಳಿದ ಮನುಷ್ಯನಿಗೆ ಒಂದು ದಿನವೂ ಬೆನ್ನು ನೋವು ಬಂದಿಲ್ಲ, ಬರ್ದುಕೊಡ್ತೀನಿ!”

ಲೇಖನ ಹಾಳಾಗಲಿ, ನನ್ನ ಐದನ್ನು ನಂಬಿ ಡಾಕ್ಟರಮ್ಮ ಔಷಧಿ ಬದಲಿಸದೇ ಬಿಟ್ಟಿದ್ದರೆ?

“ಮಾವ, ನಾನು ಹೇಳಿದ್ದೆಲ್ಲ ಸುಳ್ಳು.”

ಅವರು ನೋಟ್‌ಬುಕ್ ತೆರೆದು ನನ್ನ ಮುಂದಿಟ್ಟರು. ನನ್ನ ಒಂದೊಂದು ಐದರ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ಆರು, ಆರೂವರೆ, ಏಳು. ನಾನು ಸುಳ್ಳು ಶುರುಮಾಡಿದ್ದು ದೀಪಾವಳಿ ಆದಮೇಲೆ ಅಂತ ನನ್ನ ನೆನಪು. ಆ ದೀಪಾವಳಿಗೂ ಹಿಂದಿನ ಯುಗಾದಿಗೆ ಮುಂಚೆಯೇ ಕೆಂಪು ಶಾಯಿ ಇತ್ತು!

“ಸೋಮವಾರ ಡೇರಿ ಗೋಡೆಗೆ ನಿಂತು ಇನ್ನೊಂದ್ಸಲ ಅಳೆಸ್ತಿದ್ದೆ. ಡಾಕ್ಟರಮ್ಮನಿಗೆ ಕೊಟ್ಟಿದ್ದು ಅದನ್ನೇ. ಇಪ್ಪತ್ತು ವರ್ಷದಿಂದ ನೀರು ಬೆರೆಸಿದ ಹಾಲು ಹಿಡೀತಿದ್ದೀನಿ, ನಿನ್ನ ಹಿಡಿಯಕ್ಕಾಗಲ್ವೇನೇ?”

“ಮತ್ತೆ ನನ್ನ ಕೈಲಿ ಯಾಕೆ ಅಳೆಸಿದ್ರಿ?”

ಕತ್ತು ತಿರುಗದ ಮಾವ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿದರು.

“ಡೇರಿಯವರು ಅಳೆದು ಹೋಗಿಬಿಡ್ತಾರೆ. ನೀನು ‘ಐದು’ ಅನ್ನೋವಾಗ ನನ್ನ ತಲೆ ಮೇಲೆ ಕೈ ಇಡ್ತೀಯಲ್ಲ ಪಾಪಾ.”

ಇಟ್ಟಿದ್ದೆನೇ? ನನಗೆ ಸ್ಕೇಲು ಹಿಡಿದದ್ದಷ್ಟೇ ನೆನಪು.

ಮುಂದಿನ ಭಾನುವಾರ “ಏಳೂವರೆ ಮಾವ” ಅಂದೆ. ಅವರು ಬರೆದುಕೊಳ್ಳಲಿಲ್ಲ, ಗೋಡೆ ಬಿಟ್ಟು ಕದಲಲೂ ಇಲ್ಲ. ನಾನೂ ಕೈ ತೆಗೆಯಲಿಲ್ಲ.