ಹಸುವಿನ ಹೊಟ್ಟೆಗೆ ಹೆಪ್ಪು

ಚಾಮರಾಜಪೇಟೆಯಲ್ಲಿ ವಿಜ್ಞಾನದ ಮೇಷ್ಟ್ರಾದವನಿಗೆ ಪ್ರಶ್ನೆಗಳು ಶಾಲೆಯ ಗೇಟಿನಲ್ಲಿ ನಿಲ್ಲುವುದಿಲ್ಲ. ತರಕಾರಿ ಕೊಳ್ಳುವಾಗ, ಹಾಲು ಹಾಕಿಸಿಕೊಳ್ಳುವಾಗ, ಎಲ್ಲೆಂದರಲ್ಲಿ ಹಿಡಿದು ನಿಲ್ಲಿಸುತ್ತವೆ. ಈ ಸಲದ್ದು ಹಸುವಿನ ಹೊಟ್ಟೆಯಿಂದ ಬಂತು.

ನಮ್ಮ ಹಿಂದಿನ ಗಲ್ಲಿಯ ಹಾಲಿನಮ್ಮ ಒಂದೇ ಒಂದು ಹಸು ಸಾಕಿದ್ದಾರೆ. ಛತ್ರದಲ್ಲಿ ಮದುವೆ ಮುಗಿದ ದಿನ ಅದು ಮಿಕ್ಕಿದ ಅನ್ನ, ಪಾಯಸ ಹೊಟ್ಟೆ ಬಿರಿಯ ತಿಂದು ಮೆಲುಕು ಹಾಕುವುದನ್ನೇ ನಿಲ್ಲಿಸಿತು. ಪಶು ಡಾಕ್ಟರಮ್ಮ ಬಂದು ಪ್ರಾಣ ಉಳಿಸಿದರು. ಹುಲ್ಲು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳು ಹೊಟ್ಟೆಯಲ್ಲಿ ಸತ್ತಿವೆ, ಇದರಲ್ಲಿ ಅವೇ ಜೀವಂತವಾಗಿವೆ, ಮೇವಿಗೆ ಬೆರೆಸಿ ಎಂದು ಒಂದು ಡಬ್ಬಿ ಪುಡಿ ಕೊಟ್ಟರು. ವಾರದೊಳಗೆ ಮೆಲುಕು ಹಾಕದಿದ್ದರೆ ಹಸುವನ್ನು ಮಾರುವುದೇ ಎಂದು ಹಾಲಿನಮ್ಮನ ಮಗ ಹೇಳಿಬಿಟ್ಟ. ಹಾಲಿನಮ್ಮ ಡಬ್ಬಿ ಹಿಡಿದು ನೇರ ನನ್ನ ಬಾಗಿಲಿಗೆ ಬಂದರು.

೧. ಸೋಮವಾರದ ಸಂಶಯ

"ಇದರಲ್ಲಿ ಜೀವ ಇದೆಯಂತೆ ಮೇಷ್ಟ್ರೇ. ಸೋಮವಾರ ಕೊಡಬಹುದಾ?"

ಜೊತೆಗೆ ಪೂಜಾ ಸಾಮಾನಿನ ಅಂಗಡಿಯ ಹಿರಿಯರೂ ಬಂದಿದ್ದರು. ಹಸು ಶುದ್ಧ ಸಸ್ಯಾಹಾರಿ, ಅದಕ್ಕೆ ಹುಳ ತಿನ್ನಿಸುವುದು ಯಾವ ನ್ಯಾಯ ಎಂಬುದು ಅವರ ವಾದ. ಹುಳ ಅಲ್ಲ, ಕಣ್ಣಿಗೆ ಕಾಣದ ಜೀವಿಗಳು. ಇಡ್ಲಿ ಹಿಟ್ಟು ಉಬ್ಬುವುದೂ ಇಂಥವುಗಳಿಂದಲೇ ಎಂದೆ. ಅವರ ಕೈಯಲ್ಲಿ ಇಡ್ಲಿ ಪೊಟ್ಟಣವಿತ್ತು. ಅದನ್ನೊಮ್ಮೆ ನೋಡಿಕೊಂಡು ಮೆಲ್ಲಗೆ ಹೇಳಿದರು: "ನಮ್ಮದು ಬೆಂದಿರುತ್ತೆ."

೨. ಸೂತಕ

ಆ ಮಾತು ಹಾಲಿನಮ್ಮನ ಮನಸ್ಸಿಗೆ ಹೊಕ್ಕಿದ್ದು ನನಗೆ ಗೊತ್ತಾಗಲಿಲ್ಲ. ಎರಡು ದಿನ ಬಿಟ್ಟು ಹೋದರೆ, ಪುಡಿಯನ್ನು ಬೂಸಾದ ಜೊತೆ ಕೊತಕೊತ ಕುದಿಸುತ್ತಿದ್ದರು. ಕುದಿಸಿದರೆ ಅವು ಸತ್ತುಹೋಗುತ್ತವೆ ಎಂದೆ. ಸೌಟು ಕೈಯಲ್ಲೇ ನಿಂತಿತು. ಎಷ್ಟು ಸತ್ತಿರಬಹುದು ಎಂದು ಕೇಳಿದರು. ತಪ್ಪು ಹೇಳಬಾರದೆಂದು ಡಬ್ಬಿಯ ಮೇಲಿನ ಚೀಟಿ ಓದಿ, ಕೋಟಿಗಟ್ಟಲೆ ಎಂದೆ.

ಅವರು ಒಲೆ ಆರಿಸಿ, "ಸೂತಕ ಎಷ್ಟು ದಿನ?" ಎಂದರು.

ಆಷಾಢದಲ್ಲಿ ನಮ್ಮ ಮನೆಯವಳು ತೀರಿಹೋದ ಮೇಲೆ ನಾನು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು. ಹಾಲಿನಮ್ಮನೂ ನಕ್ಕರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಅಲ್ಲ, ನಿಜವಾಗ್ಲೂ ಎಷ್ಟು ದಿನ?"

೩. ಹೆಪ್ಪು

ಉಳಿದ ಪುಡಿಯಾದರೂ ಹಾಳಾಗಬಾರದೆಂದು ಈ ಸಲ ಅವರಿಗೆ ತಿಳಿಯುವ ಹಾಗೆ ಹೇಳಿದೆ. ಹಸುವಿನ ಹೊಟ್ಟೆ ಒಂದು ಹಂಡೆ. ಈ ಪುಡಿ ಹೆಪ್ಪು ಇದ್ದ ಹಾಗೆ. ಚೂರು ಹಾಕಿದರೆ ಒಳಗೆ ಆ ಜೀವಿಗಳು ತಾವೇ ಹೆಚ್ಚಿಕೊಳ್ಳುತ್ತವೆ. ಅವರು ತಲೆದೂಗಿದರು. ನನಗೂ ಕುತೂಹಲ. ಹಸುವಿನ ಎಡಪಕ್ಕೆಗೆ ಮುಷ್ಟಿ ಒತ್ತಿ ಐದು ನಿಮಿಷ ನಿಂತೆ. ಆರೋಗ್ಯವಾದ ಹೊಟ್ಟೆ ನಿಮಿಷಕ್ಕೊಮ್ಮೆಯಾದರೂ ಹೊರಳಬೇಕಂತೆ. ಒಂದು ಸಲವೂ ಹೊರಳಲಿಲ್ಲ.

ಪುಡಿ ತಣ್ಣನೆಯ ಬೂಸಾದಲ್ಲಿ ಹೋಗತೊಡಗಿತು. ವಾರದ ಕೊನೆಯ ದಿನ ಡಾಕ್ಟರಮ್ಮನ ಜೊತೆ ಹೋದೆ. ಹಸುವಿನ ಮೇಲೆ ಎರಡು ಕಂಬಳಿ. ಗಲ್ಲಿಗೆ ಅಡ್ಡಲಾಗಿ ಹಾಲಿನ ಕ್ಯಾನುಗಳು. ಆಟೋದವರು ಗೊಣಗುತ್ತ ಹಿಂದಕ್ಕೆ ತಿರುಗುತ್ತಿದ್ದರು. ಏಳು ದಿನವಾದರೂ ಒಂದು ಸಲವೂ ಮೆಲುಕು ಹಾಕಿಲ್ಲ, ಇವತ್ತೇ ಮಾರುವುದು ಎಂದು ಮಗ ಹೇಳುತ್ತಿದ್ದ. ಹಾಲಿನಮ್ಮ ಹಸುವಿನ ಮೂತಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ತಬ್ಬಿ ನಿಂತಿದ್ದರು. ಅಗಲುವ ಸಂಕಟವೆಂದು ನಾನು ಮುಖ ಬೇರೆ ಕಡೆ ತಿರುಗಿಸಿಕೊಂಡೆ.

ಡಾಕ್ಟರಮ್ಮ ಪಕ್ಕೆ ಒತ್ತಿ ನೋಡಿ, ಹೊಟ್ಟೆ ಚೆನ್ನಾಗಿ ಹೊರಳುತ್ತಿದೆ, ಮತ್ತೆ ಮೆಲುಕು ಯಾಕೆ ಹಾಕುತ್ತಿಲ್ಲ ಎಂದು ಹುಬ್ಬು ಗಂಟಿಕ್ಕಿದರು.

ಹಾಲಿನಮ್ಮ ಪಿಸುಗುಟ್ಟಿದರು: "ಹಾಕೋಕೆ ನಿನ್ನೆಯಿಂದ ನೋಡ್ತಾನೇ ಇದೆ ಡಾಕ್ಟ್ರಮ್ಮ. ಹೆಪ್ಪು ಹಾಕಿದ್ಮೇಲೆ ಅಲ್ಲಾಡಿಸಬಾರದಲ್ವಾ? ನಾನೇ ಬಾಯಿ ಹಿಡ್ಕೊಂಡಿದೀನಿ."