ಸಾಲಿಹಾಳ ಮನೆಗೆ ಮಂಜೂರಾದ ತೇವ

ಚಳಿಗಾಲದಲ್ಲಿ ಗಾಳಿ ಒಣಗುತ್ತದೆಂದೂ, ಒಣಗಾಳಿಯಿಂದ ನಾಗರಿಕರ ಚರ್ಮ, ಮೂಗು ಮತ್ತು ನೆಮ್ಮದಿಗೆ ಧಕ್ಕೆಯಾಗುತ್ತದೆಂದೂ ಮನಗಂಡು, ಆಯ್ದ ಮನೆಗಳಿಗೆ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ವಿತರಿಸಲು ಆದೇಶವಾಯಿತು. ಬಂಟ್ವಾಳ ತಾಲೂಕಿಗೆ ಹನ್ನೆರಡು ಯಂತ್ರಗಳು ಬಂದವು. ಹನ್ನೊಂದನ್ನು ಪ್ರಾಯೋಗಿಕ ವೀಕ್ಷಣೆಗಾಗಿ ಅಧಿಕಾರಿಗಳು ತಮ್ಮ ತಮ್ಮ ಮನೆಗೆ ಒಯ್ದರು. ಹನ್ನೆರಡನೆಯದಕ್ಕೆ ಫಲಾನುಭವಿಯನ್ನು ಹುಡುಕುವ ಕೆಲಸ ವಿಷಯ ನಿರ್ವಾಹಕ ಕಮಲಾಕ್ಷನ ಮೇಲೆ ಬಿತ್ತು.

ಅದೇ ವಾರ ಪಾಣೆಮಂಗಳೂರಿನ ಹೊಳೆಬದಿಯ ಸಾಲಿಹಾ ಅರ್ಜಿ ಹಿಡಿದು ಬಂದಳು.

"ಗೋಡೆಗೆ ಏನಾದರೂ ಮಾಡಿಕೊಡಿ ಸಾರ್. ನೆರೆ ಇಳಿದು ಐದು ತಿಂಗಳಾಯಿತು, ಕೈಯಿಟ್ಟರೆ ಇನ್ನೂ ಒದ್ದೆ ಉಂಟು. ಮಗಳು ರಿಫಾಳ ಕೆಮ್ಮು ನಿಲ್ಲುವುದೇ ಇಲ್ಲ."

ಕಮಲಾಕ್ಷನಿಗೆ ನಿಜವಾಗಿಯೂ ಮರುಕವಾಯಿತು. ಗೋಡೆ ಎಂಬ ಶೀರ್ಷಿಕೆಯಡಿ ಅನುದಾನವಿರಲಿಲ್ಲ. ತೇವ ಎಂಬ ಶೀರ್ಷಿಕೆಯಡಿ ಇತ್ತು. ಅರ್ಜಿಯನ್ನು ಮೇಲಧಿಕಾರಿ ಶಶಿಪ್ರಭಾ ಅವರ ಮುಂದಿಟ್ಟ.

"ತೇವದ ವಿಷಯ ಉಂಟಲ್ಲ ಇದರಲ್ಲಿ?" ಎಂದರು ಅವರು.

"ಉಂಟು ಮೇಡಂ. ಆದರೆ ಇವರಿಗೆ ತೇವ ಜಾಸ್ತಿಯಾದದ್ದು."

"ಜಾಸ್ತಿ, ಕಡಿಮೆ ಎಂದು ನಮೂನೆಯಲ್ಲಿ ಕಾಲಂ ಇಲ್ಲ ಕಮಲಾಕ್ಷರೇ. ಕೊಟ್ಟುಬಿಡುವ."

ಯಂತ್ರವನ್ನು ಬೈಕಿನ ಹಿಂದೆ ಕಟ್ಟಿಕೊಂಡು ಕಮಲಾಕ್ಷನೇ ಹೋದ. ಸಾಲಿಹಾ ಅದನ್ನು ಸುತ್ತಲೂ ನೋಡಿದಳು.

"ಇದು ಒಣಗಿಸುವುದಾ ಸಾರ್?"

"ಅಲ್ಲ. ತೇವ ಮಾಡುವುದು."

"ಬೇಡ ಎಂದರೆ?"

"ಸೌಲಭ್ಯ ನಿರಾಕರಿಸಿದವರು ಎಂದು ಬರೆಯಬೇಕಾಗ್ತದೆ. ಮತ್ತೆ ಐದು ವರ್ಷ ಗೋಡೆಗೆ ಅರ್ಜಿ ಹಾಕುವ ಹಾಗಿಲ್ಲ."

ಸಾಲಿಹಾ ಸಹಿ ಹಾಕಿದಳು. ಯಂತ್ರ ಬಿಳಿ ಹೊಗೆಯಂಥ ಮಂಜನ್ನು ಉಗುಳಿತು. ಒಳಕೋಣೆಯಿಂದ ರಿಫಾ ಕೆಮ್ಮಿದಳು. ಕಮಲಾಕ್ಷ ಯಂತ್ರದ ಮೇಲಿದ್ದ ತೇವಾಂಶದ ಮೀಟರ್ ನೋಡಿದ: ಎಂಬತ್ತಾರು.

ಆ ರಾತ್ರಿ ಅವನಿಗೆ ಊಟ ರುಚಿಸಲಿಲ್ಲ. ಮರುದಿನ, ಸದರಿ ಮನೆಗೆ ಯಂತ್ರ ಅನಗತ್ಯವೆಂದೂ ಹಿಂಪಡೆಯಲು ಅನುಮತಿ ಬೇಕೆಂದೂ ಮೀಟರಿನ ಅಂಕಿ ಸಹಿತ ಟಿಪ್ಪಣಿ ಬರೆದ. ಮೇಲಿನ ಕಚೇರಿಯಿಂದ ಬಂದದ್ದು ಅಭಿನಂದನಾ ಪತ್ರ. ಗುರಿ ಐವತ್ತು, ಸಾಧನೆ ಎಂಬತ್ತಾರು. ಅಂದರೆ ಶೇಕಡಾ ನೂರ ಎಪ್ಪತ್ತೆರಡು. ಇಷ್ಟು ಸಾಧಿಸದ ಬೆಳ್ತಂಗಡಿ, ಮೂಡುಬಿದಿರೆ ತಾಲೂಕಿನವರಿಗೆ ಕಾರಣ ಕೇಳಿ ನೋಟಿಸು ಹೋಯಿತು.

ಹತ್ತು ದಿನಗಳಲ್ಲಿ ಗೋಡೆಯ ಮೇಲೆ ಹಸಿರು ಹಬ್ಬಿತು. ರಿಫಾಗೆ ಉಸಿರೆಳೆಯುವುದೇ ಕಷ್ಟವಾದಾಗ ಡಾಕ್ಟರು ಮದ್ದಿನ ಚೀಟಿಯಲ್ಲಿ ಒಂದೇ ಸಾಲು ಬರೆದರು: ಮನೆ ಬದಲಿಸಿ. ಕಲ್ಲಡ್ಕದಲ್ಲಿ ಸಾಲಿಹಾಳ ಅಣ್ಣ ಇಬ್ರಾಹಿಂ ಮಾಳಿಗೆಯ ಕೋಣೆಯೊಂದನ್ನು ಖಾಲಿ ಮಾಡಿಕೊಟ್ಟ. ತಾಯಿ ಮಗಳು ಗಂಟುಮೂಟೆ ಕಟ್ಟಿದರು.

ಮನೆಗೆ ಬೀಗ ಬಿದ್ದಿದೆ ಎಂದು ಕಮಲಾಕ್ಷ ವರದಿ ಮಾಡಿದ. ಯೋಜನೆಯ ನಿಯಮ ಒಂಬತ್ತರಂತೆ ಯಂತ್ರ ಫೆಬ್ರವರಿ ಮುಗಿಯುವವರೆಗೆ ದಿನಕ್ಕೆ ಎಂಟು ಗಂಟೆ ಓಡಬೇಕು, ನೀರನ್ನು ಫಲಾನುಭವಿಯೇ ತುಂಬಿಸಬೇಕು ಎಂದು ಉತ್ತರ ಬಂತು. ಹಾಗಾಗಿ ಸಾಲಿಹಾ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬಂದು, ಖಾಲಿ ಮನೆಯ ಬೀಗ ತೆಗೆದು, ನೀರು ತುಂಬಿಸಿ, ಯಂತ್ರದ ದಾಖಲೆ ಪುಸ್ತಕದಲ್ಲಿ ಸಹಿ ಹಾಕಿ ಹೋಗತೊಡಗಿದಳು.

ತಪಾಸಣಾ ತಂಡ ಬಂದಾಗ ಒಳಗೆ ಎದುರಿನವರ ಮುಖ ಕಾಣದಷ್ಟು ಮಂಜಿತ್ತು. ತಂಡದ ಮುಖ್ಯಸ್ಥರು ಪ್ರಶ್ನಾವಳಿ ತೆರೆದರು.

"ವಾಸವಿರುವವರಿಗೆ ಕೆಮ್ಮು, ಉಬ್ಬಸ ಏನಾದರೂ ಉಂಟಾ?"

"ವಾಸಕ್ಕೆ ಯಾರೂ ಇಲ್ಲ ಸಾರ್," ಎಂದ ಕಮಲಾಕ್ಷ.

"ಹಾಗಾದರೆ ಯಾರಿಗೂ ಇಲ್ಲ," ಎಂದು ಅವರು ಬರೆದುಕೊಂಡರು.

ಹೊರಗೆ ಜಗಲಿಯಲ್ಲಿ ಸಾಲಿಹಾ ಖಾಲಿ ಕೊಡ ಹಿಡಿದು ನಿಂತಿದ್ದಳು. ಕಮಲಾಕ್ಷ ತಗ್ಗಿದ ದನಿಯಲ್ಲಿ ಕೇಳಿದ, "ಮಗಳು ಹೇಗಿದ್ದಾಳೆ?"

"ಕಲ್ಲಡ್ಕಕ್ಕೆ ಹೋದ ಮೇಲೆ ಕೆಮ್ಮೇ ಇಲ್ಲ ಸಾರ್."

ಮುಖ್ಯಸ್ಥರಿಗೆ ಅದು ಕೇಳಿಸಿತು. ಅದನ್ನೂ ಬರೆದುಕೊಂಡರು: ಯೋಜನೆಯ ಅನುಷ್ಠಾನದ ನಂತರ ಫಲಾನುಭವಿಯ ಮಗಳು ಸಂಪೂರ್ಣ ಗುಣಮುಖ. ಅದರಲ್ಲಿ ಸುಳ್ಳೇನೂ ಇರಲಿಲ್ಲವಾದ್ದರಿಂದ ಕಮಲಾಕ್ಷ ಕೆಳಗೆ ಸಹಿ ಮಾಡಿದ.

ಮುಂದಿನ ಚಳಿಗಾಲಕ್ಕೆ ಹೊಳೆಬದಿಯ ಅರವತ್ತು ಮನೆಗಳನ್ನು ಗುರುತಿಸಲಾಗಿದೆ. ಕಲ್ಲಡ್ಕದಲ್ಲಿ ಬಾಡಿಗೆ ಕೋಣೆಗಳು ಈಗಲೇ ಸಿಗುತ್ತಿಲ್ಲ.